ಎರಡು ಸಲ ಶ್ರುತಿ

ಪ್ರಾಂತ್ಯದ ಯುವ ವಾದ್ಯವೃಂದದ ಪಿಟೀಲುಗಳಿಗೆ ತಂತಿ ಕಟ್ಟುವವಳನ್ನು ಎಲ್ಲರೂ ತಂತಿಯಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಿಂದ ಅವಳ ಮೇಜು ಸಭಾಂಗಣದ ಪಕ್ಕದ ಬಾಗಿಲಿಗೆ ಒತ್ತಿಕೊಂಡೇ ಇದೆ. ಅಷ್ಟರಲ್ಲಿ ಮೂವರು ನಿರ್ದೇಶಕರು ಬಂದರು. ಮೊದಲಿನವರಿಗೆ ಕಿವಿ ಇತ್ತು, ಎರಡನೆಯವರಿಗೆ ಬಾಯಿ ಇತ್ತು, ಈಗಿನವರಿಗೆ ಕೋಟು ಇದೆ ಎಂಬುದು ಅವಳ ಅಂದಾಜು.

ಮೊದಲ ಕುರ್ಚಿಗೆ, ಅಂದರೆ ಪಿಟೀಲಿನ ಸಾಲಿನ ಮುಂದಾಳಿನ ಜಾಗಕ್ಕೆ, ಪ್ರತಿ ವರ್ಷ ಪರೀಕ್ಷೆ. ಮುಖ ನೋಡಿ ಮಣೆ ಹಾಕಬಾರದೆಂದು ಮಕ್ಕಳನ್ನು ಪರದೆಯ ಹಿಂದೆ ನುಡಿಸಲು ಬಿಡುತ್ತಾರೆ. ಹೆಸರಿಲ್ಲ, ಬರೀ ನಂಬರು. ಈ ಸಲ ತಂತಿಯಕ್ಕನ ಅಕ್ಕನ ಮಗಳೂ ಇದ್ದಳು. ಕೊನೆಯ ಸಾಲಿನಲ್ಲಿ ಕೂತು ಕೂತು ಸಾಕಾಗಿತ್ತು. ಹದಿನೆಂಟು ತುಂಬಿದ್ದರಿಂದ ಇದೇ ಕೊನೆಯ ಅವಕಾಶ.

ಬೆಳಿಗ್ಗೆ ನಿರ್ದೇಶಕರ ಸೋದರಳಿಯ ಪಿಟೀಲು ತಂದ. ತಂತಿ ಬಿಗಿಯುವ ಬಿರಡೆ ಜಾರುತ್ತಿತ್ತು; ಹಿಡಿತ ಬರಲೆಂದು ಅವಳು ಅದಕ್ಕೆ ಸೀಮೆಸುಣ್ಣ ಉಜ್ಜಲು ಹೋದರೆ ತಡೆದ.

“ಬೇಡ ತಂತಿಯಕ್ಕ, ಸಡಿಲಾನೇ ಇರ್ಲಿ. ನಡುವೆ ನಿಲ್ಸಿ ಎರಡನೇ ಸಲ ಶ್ರುತಿ ಮಾಡ್ಬೇಕಂತೆ.”

“ಯಾರಪ್ಪ ಹೇಳಿದ್ದು?”

“ಮಾವ. ಒಳಗಿರೋದು ನಾನೇ ಅಂತ ಅವರಿಗೆ ಗೊತ್ತಾಗ್ಬೇಕಲ್ಲ.”

ಸುಳ್ಳು ಹೇಳುವುದಕ್ಕೂ ಬುದ್ಧಿ ಖರ್ಚು ಮಾಡದ ಮನೆತನ ಎಂದುಕೊಂಡು ಅವಳು ಪಿಟೀಲು ವಾಪಸು ಕೊಟ್ಟಳು.

ಆಮೇಲೆ ಅಕ್ಕನ ಮಗಳು ಬಂದಳು. “ಚಿಕ್ಕಮ್ಮ, ಹೊಸ ತಂತಿ ಹಾಕ್ಕೊಡು.”

“ಪರೀಕ್ಷೆ ದಿನಾನಾ? ಹೊಸದು ಎಳೆದಷ್ಟೂ ಇಳಿಯತ್ತೆ ಕಣೇ.”

“ಹಳೇದು ಮಂಕಾಗಿದೆ. ಹಾಕು ನೀನು.”

ಹಾಕಿದಳು.

ಹುಡುಗಿಗೆ ನಾಲ್ಕನೇ ನಂಬರು. ಎರಡು ಸಾಲು ನುಡಿಸುವಷ್ಟರಲ್ಲಿ ತಂತಿ ಇಳಿಯಿತು. ನಿಲ್ಲಿಸಿ ಮತ್ತೆ ಶ್ರುತಿ ಮಾಡಿದಳು. ನಿರ್ದೇಶಕರ ಹುಬ್ಬು ಮೇಲೇರಿದ್ದು ಬಾಗಿಲಲ್ಲಿದ್ದ ತಂತಿಯಕ್ಕನಿಗೂ ಕಂಡಿತು.

“ಶ್ರುತಿಜ್ಞಾನ ಅಂದ್ರೆ ಇದು ನೋಡಿ,” ಎಂದು ಅವರು ಪಕ್ಕದ ಇಬ್ಬರು ತೀರ್ಪುಗಾರರಿಗೆ ಹೇಳಿ, ಪೂರ್ತಿ ಅಂಕ ಬರೆದ ಚೀಟಿಯನ್ನು ಗುಮಾಸ್ತರ ಕೈಗಿತ್ತರು. ಆ ಇಬ್ಬರು ವರ್ಷವರ್ಷವೂ ತಲೆಯಾಡಿಸುವುದಕ್ಕೆಂದೇ ಬರುವವರು, ತಲೆಯಾಡಿಸಿದರು.

ಒಂಬತ್ತನೇ ನಂಬರು ಒಂದು ತಪ್ಪೂ ಇಲ್ಲದೆ ನುಡಿಸಿತು. ಯಾರೂ ತಲೆ ಎತ್ತಲಿಲ್ಲ. ಹನ್ನೊಂದನೆಯದು ನಡುವೆ ನಿಲ್ಲಿಸಿ ಎರಡನೇ ಸಲ ಶ್ರುತಿ ಮಾಡಿತು. ನಿರ್ದೇಶಕರ ಪೆನ್ಸಿಲು ಗಾಳಿಯಲ್ಲೇ ನಿಂತಿತು. ಹೊಗಳಿಕೆಯೆಲ್ಲ ಆಗಲೇ ಮುಗಿದುಹೋಗಿತ್ತು. ಚೀಟಿ ವಾಪಸು ಕೇಳಿದರೆ ಕಾರಣ ಹೇಳಬೇಕು.

ಪರದೆ ಸರಿಸಿ ನಾಲ್ಕನೇ ನಂಬರನ್ನು ಕರೆದಾಗ ಅವರು ಹರಳೆಣ್ಣೆ ಕುಡಿದ ಮುಖದಲ್ಲಿ ಚಪ್ಪಾಳೆ ತಟ್ಟಿದರು.

ಹುಡುಗಿ ಮೇಜಿಗೆ ಓಡಿಬಂದಳು. ತಂತಿಯಕ್ಕ ನಡೆದದ್ದನ್ನೆಲ್ಲ ಹೇಳಿದಳು.

“ಮೂರನೇ ಸಾಲಲ್ಲಿ ನೀನು ಎರಡು ಸ್ವರ ನುಂಗಿದೆ. ಕುರ್ಚಿ ಒಂಬತ್ತನೇ ನಂಬರಿಂದು. ಹೋಗಿ ಹೇಳ್ತೀಯಾ?”

“ನಾನೇನು ಬೇಕಂತ ಮಾಡಿದ್ನಾ, ಚಿಕ್ಕಮ್ಮ?”

“ಆಗ ಮಾಡಿಲ್ಲ. ಈಗ ಮಾಡ್ತಿದೀಯ.”

ಹುಡುಗಿ ಹೋಗಿ ಮೊದಲ ಕುರ್ಚಿಯಲ್ಲಿ ಕೂತಳು.

ನಿರ್ದೇಶಕರ ಶ್ರುತಿಜ್ಞಾನದ ಮಾತು ಊರೆಲ್ಲ ಹಬ್ಬಿದೆ. ಈಗ ಮೇಜಿಗೆ ಬರುವ ಮಕ್ಕಳೆಲ್ಲ ಬಿರಡೆ ಸ್ವಲ್ಪ ಸಡಿಲ ಮಾಡಿಕೊಡಿ ಎನ್ನುತ್ತಾರೆ. ಅಕ್ಕನ ಮಗಳು ಮಾತ್ರ ಬೇರೆ ಕಡೆ ತಂತಿ ಕಟ್ಟಿಸುತ್ತಾಳೆ.