ಹತ್ತಿಮತ್ತೂರು ಬಸ್ಸಿನಾಗ ನನ್ನ ಅಧಿಕಾರ

ನಾನು ಬಸವೇಶ. ಹತ್ತಿಮತ್ತೂರಾಗ ಹಿಟ್ಟಿನ ಗಿರಣಿ ನಡಸ್ತೇನಿ, ಅದರ ಜೋಡಿ ಸವಣೂರಿನ ಗೃಹರಕ್ಷಕ ದಳದಾಗ ಹೋಮ್‌ಗಾರ್ಡ್ ಅದೇನಿ. ಗಿರಣ್ಯಾಗ ನಿಂತ್ರ ಮಂದಿ 'ಏ ಬಸ್ಯಾ, ಸಣ್ಣಗ ಬೀಸೋ' ಅಂತಾರ. ಖಾಕಿ ಹಾಕ್ಕೊಂಡ್ರ ಅದ ಮಂದಿ 'ಏನ್ರಿ ಸಾಹೇಬ್ರ' ಅಂತಾರ. ನನ್ನ ಹೆಂಡ್ತಿ ಸುಧಾರಾಣಿ ಮಾತ್ರ ಎರಡೂ ವೇಷದಾಗ ಒಂದ ನಮೂನಿ ಬೈತಾಳ.

ಟ್ರೇನಿಂಗಿನಾಗ ಒಬ್ರು ಸಾಹೇಬ್ರು ಕಾಯ್ದೆ ಹೇಳಿಕೊಟ್ಟಿದ್ರು. ಡ್ಯೂಟಿಗೆ ಕರೆಸಿದಾಗ ಹೋಮ್‌ಗಾರ್ಡಿಗೆ ಪೊಲೀಸರಿಗಿದ್ದಷ್ಟ ಅಧಿಕಾರ, ಅಷ್ಟ ರಕ್ಷಣೆ. ಡ್ಯೂಟಿ ಮುಗಿಸಿ ಬಿಟ್ಟು ಕಳಿಸಿದ್ರು ಅಂದ್ರ ನಾವೂ ಎಲ್ಲಾರ ಹಂಗ. ನಾನು ಊರಾಗ ಮೊದಲ್ನೇ ಅರ್ಧಾನ ಹೇಳ್ಕೋಂತ ತಿರಗಿದ್ನಿ. ಎರಡನೇ ಅರ್ಧ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದನ್ನ ಖರೇ ಅಂತ ನಂಬಿದಾಂವ ನಬೀಸಾಬ, ನಮ್ಮ ಓಣ್ಯಾಗ ಇಸ್ತ್ರಿ ಅಂಗಡಿ ಇಟ್ಟಾಂವ. ಅವನ ಮಗಳು ತರನ್ನುಮ ಸವಣೂರಿಗೆ ಕಾಲೇಜಿಗೆ ಹೊಕ್ಕಾಳ. ಸಂಜಿ ಬಸ್ಸಿನಾಗ ಒಬ್ಬಾಂವ ದಿನಾ ಅಕಿ ಹಿಂದ ಬಂದು ಮೈಗೆ ಮೈ ತಾಗಿಸಿ ನಿಂದರ್ತಿದ್ದ. ಇನ್ನೊಮ್ಮೆ ಹಿಂಗಾದ್ರ ಕಾಲೇಜು ಬಂದ್ ಅಂತ ಮನಿ ಹಿರ್ಯಾರು ಹೇಳಿಬಿಟ್ಟಿದ್ರು. ನಬೀಸಾಬಗ ಮಗಳನ್ನ ಓದಸೋ ಆಸೆ ಭಾಳ. ನೀವೂ ಬಂದೋಬಸ್ತ್ ಮುಗಿಸಿ ಅದ ಬಸ್ಸಿಗೆ ಬರ್ತೀರಲ್ಲ, ಒಂದೀಟ ನೋಡ್ಕೊಳ್ರಿ ಅಂತ ಕೈ ಮುಗದ. ನಾನು ಮೀಸಿ ತಿರುವಿ, ಕಾಲರ್ ಹಿಡದು ಸ್ಟೇಷನ್ನಿಗೆ ಒಯ್ತೇನಿ, ನನಗ ಅಧಿಕಾರ ಐತಿ ಅಂದ್ನಿ. ಅಂವ ಆವತ್ತ ನನ್ನ ಖಾಕಿಗೆ ಎರಡ ಸಲ ಇಸ್ತ್ರಿ ಹೊಡದ.

ಮರದಿನ ಸವಣೂರು ಪ್ಯಾಟ್ಯಾಗ ಬಂದೋಬಸ್ತ್ ಇತ್ತು. ಸಂಜಿಗೆ ನಮ್ಮನ್ನ ಬಿಟ್ಟು ಕಳಿಸಿದ್ರು, ಖಾಕಿ ಮ್ಯಾಲೇನ ಬಸ್ ಹತ್ತಿದ್ನಿ. ಸ್ವಲ್ಪ ಮುಂದ ತರನ್ನುಮ ನಿಂತಿದ್ಲು. ಬಸ್ ಊರ ದಾಟಿದ ಮ್ಯಾಲೆ ಆ ಮನಷ್ಯಾ ಸರಕೋಂತ ಬಂದ. ನಾನು ಯಾರೋ ಪಡ್ಡೆ ಹುಡುಗ ಅಂತ ತಿಳದಿದ್ನಿ. ನೋಡಿದ್ರ ನನ್ನ ವಯಸ್ಸಿನಾಂವ, ದಪ್ಪ ಮಾತ್ರ ನನ್ನಂಥೋರು ಇಬ್ಬರಷ್ಟು. ಅಕಿ ಸರದ್ಲು, ಅಂವನೂ ಸರದ. ಅಕಿ ನನ್ನ ಕಡೆ ನೋಡಿದ್ಲು. ಬಸ್ಸಿನ ಮಂದೀನೂ ನನ್ನ ಖಾಕಿ ಕಡೆ ನೋಡಿದ್ರು.

ಆಗ ನೋಡ್ರಿ, ನನಗ ಕಾಯ್ದೆದ ಎರಡನೇ ಅರ್ಧ ನೆನಪಾತು. ನಾಚಿಗಿ ಬಿಟ್ಟು ಹೇಳ್ತೇನಿ, ನನ್ನ ಬಾಯಾಗ ಬಂದದ್ದು ಇಷ್ಟ:

"ತಂಗಿ, ನನ್ನ ಡ್ಯೂಟಿ ಮುಗದೈತಿ. ಈಗ ನನಗ ಅಧಿಕಾರ ಇಲ್ಲ ನೋಡವಾ."

ತರನ್ನುಮ ನನ್ನ ಮಾರಿ ನೋಡಿದ್ಲು. ಹತ್ರ ಬಂದು, ಭುಜದ ದಾರಕ್ಕ ಕೈ ಹಾಕಿ ನನ್ನ ಜೇಬಿನಾಗಿನ ಸೀಟಿ ಜಗ್ಗಿದ್ಲು. ದಾರ ಕಿತಗೊಂಡು ಬಂತು. ಅಕಿ ಸೀಟಿ ಬಾಯಾಗ ಇಟ್ಟು ಊದಿದ ಜೋರಿಗೆ ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತಿದ. ಬಂದೋಬಸ್ತಿನಾಗ ದಿನಪೂರ್ತಿ ಊದಿದ್ರೂ ನನಗ ಒಂದ ಎಮ್ಮೀನೂ ನಿಂತಿರಲಿಲ್ಲ.

"ಇಂವ ದಿನಾ ನನ್ನ ಮೈ ಮುಟ್ಟತಾನ್ರಿ. ಬಸ್ಸನ್ನ ಪೊಲೀಸ್ ಸ್ಟೇಷನ್ನಿಗೆ ತಿರುಗಸ್ರಿ."

ಕಂಡಕ್ಟರ್ ಬಾಗಲಾ ಹಾಕಿದ. ಹೆಣ್ಮಕ್ಕಳು ಎದ್ದು ಆ ಮನಷ್ಯಾನ ಸುತ್ತ ನಿಂತ್ರು. ನಾನೂ ಬಾಗಲಕ್ಕ ಅಡ್ಡ ನಿಂತ್ನಿ, ಅದಕ್ಕ ಅಧಿಕಾರ ಬೇಕಾಗಿರಲಿಲ್ಲ. ಸ್ಟೇಷನ್ನಿನಾಗ ಅಕಿ ದೂರು ಬರಸಿದ್ಲು. ಸಾಕ್ಷಿದಾರನ ಉದ್ಯೋಗ ಏನು ಅಂತ ಕೇಳಿದಾಗ ನಾನು ಮೆಲ್ಲಕ, ಹಿಟ್ಟಿನ ಗಿರಣಿರಿ ಅಂದ್ನಿ.

ಅಕಿ ಮನಿ ಹಿರ್ಯಾರು ಆ ರಾತ್ರಿ ಗದ್ದಲ ಮಾಡಿದ್ರಂತ. ನಬೀಸಾಬ, ನನ್ನ ಮಗಳು ನಾಳೆನೂ ಕಾಲೇಜಿಗೆ ಹೊಕ್ಕಾಳ ಅಂದು ಮಾತು ಮುಗಿಸಿದ್ನಂತ. ಮುಂಜಾನೆ ನಾನು ಸೀಟಿ ಇಸಗೊಳ್ಳಾಕ ಹೋದ್ರ, ತರನ್ನುಮ ಚೀಲ ಹೆಗಲಿಗೆ ಹಾಕ್ಕೊಂಡು ಬಸ್ಸಿಗೆ ಹೊಂಟಿದ್ಲು. ಸೀಟಿ ಅಕಿ ಕೊರಳಾಗ ಇತ್ತು. ಹಂಗ ತಿರುಗಿ ಬಂದ್ನಿ.

ಮುಂದಿನ ಪರೇಡಿನಾಗ ನಮ್ಮ ಸಾಹೇಬ್ರು ನನ್ನ ಖಾಲಿ ಜೇಬು ನೋಡಿ, ಸೀಟಿ ಎಲ್ಲಿ ಅಂತ ಕೇಳಿದ್ರು.

"ಡ್ಯೂಟಿ ಮ್ಯಾಲೆ ಐತ್ರಿ ಸರ್" ಅಂದ್ನಿ.