ಮಾನ ಅಳೆಯುವ ಮಾವ

ನಮ್ಮ ಬೀದಿಯ ಮಾರ್ಕಿನ ಮಾವ ಕಂಪನಿಗಳ, ದೇಶಗಳ ಮರ್ಯಾದೆ ಅಳೆಯುವ ಕಚೇರಿಯಲ್ಲಿ ದುಡಿದು ತಲೆ ಬೋಳು ಮಾಡಿಕೊಂಡವರು. ಕಂಡುಕೇಳರಿಯದ ಜನರನ್ನು ಫೋನಿನಲ್ಲಿ ಊಟದಿಂದ ಎಬ್ಬಿಸಿ, "ಸ್ವಾಮಿ, ಈ ಸೋಪಿನ ಕಂಪನಿ ಮೇಲೆ ನಿಮಗೆ ನಂಬಿಕೆ ಹತ್ತಕ್ಕೆ ಎಷ್ಟು? ಆ ದೇಶದ ಮೇಲೆ?" ಎಂದು ಕೇಳುವುದು, ಬೈಸಿಕೊಳ್ಳುವುದು, ಬೈಗುಳಕ್ಕೂ ಒಂದು ಅಂಕ ಹಾಕುವುದು ಅವರ ಕಸುಬು. ಮಾವ ಸೀನಿದರೆ ಯಾವುದೋ ದೇಶ ಪಟ್ಟಿಯಲ್ಲಿ ಎರಡು ಮೆಟ್ಟಿಲು ಜಾರುತ್ತದೆ, ಕೆಮ್ಮಿದರೆ ಯಾವುದೋ ಬ್ಯಾಂಕು ಮಾನ ಮುಚ್ಚಿಕೊಳ್ಳಲು ಬಟ್ಟೆ ಹುಡುಕುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮನೆಯಲ್ಲೂ ಅದೇ ಚಾಳಿ. ಅಡುಗೆಗೆ ಅಂಕ, ಬಂದ ನೆಂಟರಿಗೆ ಅಂಕ, ಸುರಿಯುವ ಮಳೆಗೂ ಅಂಕ. "ನನಗೆಷ್ಟು ಕೊಡ್ತೀರಿ?" ಎಂದು ಅತ್ತೆ ಕೆಣಕಿದರೆ, "ನಿನ್ನನ್ನ ಪಟ್ಟಿಗೇ ಸೇರಿಸಿಲ್ಲ ಕಣೇ, ಸೇರಿಸಿದ್ರೆ ಉಳಿದ ದೇಶಗಳೆಲ್ಲ ಬಾಗಿಲು ಹಾಕ್ಕೋಬೇಕಾಗುತ್ತೆ!" ಎನ್ನುತ್ತಿದ್ದರು. ಆ ಅತ್ತೆ ಈಗ ಆಸ್ಪತ್ರೆಯಲ್ಲಿದ್ದಾರೆ. ಕ್ಯಾನ್ಸರ್ ಮೂಳೆಗೆ ಇಳಿದಿದೆ. ದಿನವೂ ನರ್ಸಮ್ಮ ಬಂದು, "ನೋವು ಹತ್ತಕ್ಕೆ ಎಷ್ಟಮ್ಮಾ?" ಎಂದು ಕೇಳಿ, ಹೇಳಿದ ಅಂಕಕ್ಕೆ ತಕ್ಕಷ್ಟೇ ಮದ್ದು ಕೊಡುತ್ತಾರೆ. ಅತ್ತೆ ಗಂಡನ ಮುಖ ನೋಡುತ್ತಾ, "ಮೂರು" ಎಂದು ನಗುತ್ತಾರೆ. ಮೊನ್ನೆ ನಾನು ನೋಡಲು ಹೋದಾಗ ನರ್ಸಮ್ಮ ಒಳಗೆ ಬರುತ್ತಲೇ ಮಾವ ದಡಕ್ಕನೆ ಎದ್ದು, ನನ್ನ ತೋಳು ಹಿಡಿದು ಹೊರಗೆಳೆದುಕೊಂಡು ಬಂದರು. "ಕಂಪನಿ ಯಜಮಾನ ಎದುರಿಗೆ ಕೂತಿದ್ರೆ ಯಾರೂ ನಿಜ ಹೇಳಲ್ಲ ಕಣಯ್ಯಾ," ಎಂದು ಪಿಸುಗುಟ್ಟಿ ಬಾಗಿಲಿಗೆ ಕಿವಿಗೊಟ್ಟರು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು: "ಅವರು ಹೋದ್ರಾ? ಒಂಬತ್ತು ಕಣಮ್ಮಾ." ಚುಚ್ಚುಮದ್ದು ಕೊಟ್ಟು ಮುಗಿಯುವವರೆಗೂ ಮಾವ ಒಳಗೆ ಕಾಲಿಡಲಿಲ್ಲ.