ಕೆಂಪು ದಾರದ ಹನ್ನೊಂದು ಹೊಲಿಗೆ

ಕೊನೆಯ ಮೂರು ವರ್ಷ ನಮ್ಮ ದೊಡ್ಡಪ್ಪ ಅಂಗಡಿಗೆ ಬಂದ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತಿದ್ದರು: “ಇದರಲ್ಲಿ ನಾನು ಮುಟ್ಟಬಾರದ್ದು ಏನಾದ್ರೂ ಇದೆಯಾ?” ಹರಿದ ಪ್ಯಾಂಟು ಹಿಡಿದು ಬಂದವರು ಏನು ಹೇಳಬೇಕೆಂದು ತಿಳಿಯದೆ ಪ್ಯಾಂಟನ್ನೇ ನೋಡುತ್ತಿದ್ದರು. ಮುದುಕನಿಗೆ ಅರಳುಮರಳು ಎಂದು ಪಕ್ಕದ ಗುಂಡಿ ಅಂಗಡಿಯವನು ಬೀದಿಗೆಲ್ಲ ಹೇಳಿಕೊಂಡು ತಿರುಗಿದ. ಅರಳೂ ಇರಲಿಲ್ಲ, ಮರಳೂ ಇರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಅವನಿಗೆ ಗೊತ್ತಿದ್ದದ್ದು ಗುಂಡಿ ಎಣಿಸುವುದು ಮಾತ್ರ.

ದೊಡ್ಡಪ್ಪ ರಫು ಮಾಡುವವರು. ಎಂದರೆ, ತೂತು ಬಿದ್ದ ಬಟ್ಟೆಗೆ ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಅಡ್ಡಕ್ಕೊಂದು ಉದ್ದಕ್ಕೊಂದು ಹೆಣೆದು, ತೂತು ಇದ್ದದ್ದೇ ಸುಳ್ಳು ಎನ್ನುವಂತೆ ಮುಚ್ಚುವ ಕೆಲಸ. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಒಂದು ಮಣೆ, ಒಂದು ದೀಪ, ಒಂದು ಭೂತಗನ್ನಡಿ, ಸೂಜಿ ಚುಚ್ಚಿದ ದಿಂಬು, ಅಷ್ಟೇ ಸಾಮಾನು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತಿದ್ದುದರಿಂದ ಎಂಥ ದೊಡ್ಡ ಮನುಷ್ಯರು ಬಂದರೂ ಅವರು ಕೂತೇ ಮಾತಾಡಿಸುತ್ತಿದ್ದರು. ಇದಕ್ಕೆ ಸೊಕ್ಕಿನವರು ಎಂಬ ಹೆಸರೂ ಬಂದಿತ್ತು. ಸೊಕ್ಕು ಸ್ವಲ್ಪ ಇತ್ತು ಕೂಡ. ಮುಗಿದ ಬಟ್ಟೆ ಕೈಗೆ ಕೊಟ್ಟು “ಹುಡುಕಿ” ಎನ್ನುತ್ತಿದ್ದರು. ಗಿರಾಕಿ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಸೋತೆ ಎನ್ನುವವರೆಗೆ ಬಿಡುತ್ತಿರಲಿಲ್ಲ. ಒಬ್ಬ ವಕೀಲರಂತೂ ಇದು ನನ್ನ ಕೋಟೇ ಅಲ್ಲ, ಬದಲಾಯಿಸಿಬಿಟ್ಟಿದ್ದೀರಿ ಎಂದು ಜಗಳಕ್ಕೆ ನಿಂತರು. ಆ ಜಗಳವನ್ನು ದೊಡ್ಡಪ್ಪ ಬಹುಮಾನ ಬಂದವರ ಹಾಗೆ ಹೇಳಿಕೊಳ್ಳುತ್ತಿದ್ದರು.

ನಾನು ಓದಲೆಂದು ಅವರ ಮನೆಗೆ ಬಂದವಳು, ಶಾಲೆಯೊಂದರಲ್ಲಿ ಗಣಿತ ಹೇಳುವ ಕೆಲಸ ಸಿಕ್ಕ ಮೇಲೂ ಅಲ್ಲೇ ಉಳಿದೆ. ಇಷ್ಟು ವರ್ಷ ಮಾಡಿದ್ದೀರಲ್ಲ, ಒಂದಾದರೂ ಕಣ್ಣಿಗೆ ತೋರಿಸಿ ನೋಡೋಣ ಎಂದು ದೊಡ್ಡಮ್ಮ ಅವರನ್ನು ಛೇಡಿಸುತ್ತಿದ್ದದ್ದು ದಿನಾ ಕೇಳುತ್ತಿದ್ದೆ. ಆಗ ದೊಡ್ಡಪ್ಪ ನಗುತ್ತಿದ್ದರು. ದೊಡ್ಡಮ್ಮ ತೀರಿಕೊಂಡ ಮೇಲೆ ಅದೇ ಮಾತು ಅವರನ್ನು ಕಿತ್ತು ತಿನ್ನತೊಡಗಿತು. ಊಟದ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೂತು, “ಪುಟ್ಟಿ, ನಾನು ಬದುಕಿ ಏನು ಮಾಡಿದೆ, ಹೇಳು” ಎನ್ನುತ್ತಿದ್ದರು. ಸಾವಿರಾರು ಬಟ್ಟೆ ಉಳಿಸಿದ್ದೀರಲ್ಲ ಎಂದೆ ಒಮ್ಮೆ. ಅದು ಅವರವರ ಬಟ್ಟೆ, ನನ್ನದೇನು ಎಂದರು.

ಆ ದಿನಗಳಲ್ಲೇ ಬಸ್ ಡ್ರೈವರ್ ಒಬ್ಬರು ಬೂದು ಬಣ್ಣದ ಸ್ವೆಟರ್ ತಂದುಕೊಟ್ಟರು. ದಪ್ಪ ಆಳು, ಮೆತ್ತಗಿನ ಮಾತು. ಭುಜದ ಹತ್ತಿರ ನುಸಿ ತಿಂದು ತೂತಾಗಿತ್ತು. ಬೆಳಗಿನ ಮೊದಲ ಟ್ರಿಪ್ಪಿಗೆ ಚಳಿ, ಸೋಮವಾರಕ್ಕೆ ಬೇಕು ಎಂದು ಹೇಳಿ ಹೋದರು. ದೊಡ್ಡಪ್ಪ ಭುಜ ಮುಗಿಸಿದರು. ಮಡಿಸುವಾಗ ಬಲಗೈಯ ಮೊಣಕೈ ಕಣ್ಣಿಗೆ ಬಿತ್ತು. ಅಲ್ಲಿದ್ದ ಹಳೆಯ ಹರಕಿಗೆ ಯಾರೋ ಕೆಂಪು ಉಲ್ಲನ್ ದಾರದಲ್ಲಿ, ಕೋಳಿ ಕೆದರಿದ ಹಾಗೆ ಹೊಲಿದಿದ್ದರು. ಪಾಪ, ಇದನ್ನು ಹಾಕಿಕೊಂಡು ನಾಲ್ಕು ಜನರೆದುರು ಓಡಾಡುತ್ತಾನಲ್ಲ ಎಂದು ಇವರಿಗೆ ಕನಿಕರ ಉಕ್ಕಿತು. ಕೇಳದಿದ್ದರೂ ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ತೆಗೆದು, ಮೊಣಕೈಯನ್ನೂ ಹೊಸದರ ಹಾಗೆ ಮಾಡಿದರು. ಸ್ವೆಟರ್ ಮನೆಗೇ ತಂದು ನನಗೂ “ಹುಡುಕು” ಎಂದರು. ನಾನು ಹುಡುಕಿ ಸೋತೆ, ಹೊಗಳಿದೆ. ಎಷ್ಟೋ ತಿಂಗಳ ಮೇಲೆ ಅವರ ಮುಖ ಅರಳಿದ್ದು ನೋಡಿ ಇನ್ನಷ್ಟು ಹೊಗಳಿದೆ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಸೋಮವಾರ ನಾನು ಊಟದ ಡಬ್ಬಿ ಕೊಡಲು ಹೋದಾಗಲೇ ಡ್ರೈವರ್ ಬಂದರು. ಸ್ವೆಟರ್ ಹಾಕಿಕೊಂಡವರೇ ಎಡಗೈಯಿಂದ ಬಲ ಮೊಣಕೈ ತಡವಿದರು. ಮತ್ತೆ ತಡವಿದರು. ಇಲ್ಲಿ ಕೆಂಪು ದಾರ ಇತ್ತಲ್ಲ ಎಂದು ಕೇಳಿದರು.

“ಇತ್ತು. ತೆಗೆದುಬಿಟ್ಟೆ,” ಎಂದರು ದೊಡ್ಡಪ್ಪ ಹಿಗ್ಗಿನಿಂದ. “ಈಗ ಹುಡುಕಿ ನೋಡೋಣ.”

ಡ್ರೈವರ್ ಹುಡುಕಲಿಲ್ಲ. ಮೆಟ್ಟಿಲ ಅಂಚು ಹಿಡಿದುಕೊಂಡು ನಿಂತರು. “ನನ್ನ ಮಗಳು ಹೊಲಿದಿದ್ದು ಅದು. ಹತ್ತು ವರ್ಷದವಳಿದ್ದಾಗ,” ಎಂದರು. ಮಗಳು ಹೋದ ವರ್ಷ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಿದ್ದಳು. ಹತ್ತೊಂಬತ್ತು ವಯಸ್ಸು. ಬಸ್ಸು ಓಡಿಸುವಾಗ ಮೊಣಕೈ ಕಿಟಕಿಯ ಮೇಲೆ ಇಟ್ಟರೆ ಆ ಗಂಟುಗಂಟು ಹೊಲಿಗೆ ಒತ್ತುತ್ತಿತ್ತಂತೆ. ಜೊತೆಗೇ ಬರ್ತಿದಾಳೆ ಅಂದುಕೊಳ್ಳುತ್ತಿದ್ದೆ ಎಂದರು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು.

ದೊಡ್ಡಪ್ಪ ಮಣೆಯಿಂದ ಜಾರಿ ನೆಲಕ್ಕೆ ಬಂದು, ಚಾಪೆ ಎತ್ತಿ, ದಿಂಬು ಕೊಡವಿ, ಮೂಲೆ ಮೂಲೆ ಬೆರಳಾಡಿಸಿದರು. ಬೆಳಿಗ್ಗೆ ಗುಡಿಸಿದ ಕಸ ಗಾಡಿಯಲ್ಲಿ ಹೋಗಿ ಎಷ್ಟೋ ಹೊತ್ತಾಗಿತ್ತು. ಡ್ರೈವರೇ ಬಗ್ಗಿ ಅವರ ರಟ್ಟೆ ಹಿಡಿದು ಎಬ್ಬಿಸಿದರು. “ಬಿಡಿ ಯಜಮಾನ್ರೆ. ನೀವು ಒಳ್ಳೇದಕ್ಕೇ ಮಾಡಿದ್ರಿ,” ಎಂದರು. ಆಮೇಲೆ ಸ್ವೆಟರ್ ಕಳಚಿ ಕೈಮೇಲೆ ಹಾಕಿಕೊಂಡು ಹೊರಟುಹೋದರು.

ಐದು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಕೆಂಪು ದಾರ ತಂದು ಹಾಗೇ ಹೊಲಿದುಕೊಟ್ಟರಾಯಿತು ಎಂದು ನಾನು ಬುದ್ಧಿವಂತೆಯ ಹಾಗೆ ಹೇಳಿದೆ. ದೊಡ್ಡಪ್ಪ ಅದನ್ನೂ ಒಂದು ಚಿಂದಿಯ ಮೇಲೆ ಮಾಡಿ ನೋಡಿದ್ದರು. ಎಷ್ಟು ಸೊಟ್ಟಗೆ ಹಾಕಿದರೂ ಅದು ತನ್ನ ಕೈಯೇ, ಆ ಮಗುವಿನದಲ್ಲ ಎಂದರು. ಮೂರನೆಯ ದಿನ ಅವರು ದೊಡ್ಡಮ್ಮನ ಟ್ರಂಕು ತೆಗೆದು, ಸೀರೆಗಳನ್ನೆಲ್ಲ ಹೊರಗೆ ಹರವಿ, ತಳದ ಕಾಗದವನ್ನೂ ಎತ್ತಿ ನೋಡಿ, ಮತ್ತೆ ಎಲ್ಲ ಒಳಗಿಟ್ಟರು. ಏನು ಹುಡುಕುತ್ತಿದ್ದಾರೆಂದು ನಾನು ಕೇಳಲಿಲ್ಲ, ನನ್ನ ಅಮ್ಮ ಹೇಳಿ ನನಗೆ ಗೊತ್ತಿತ್ತು. ನಾನು ಹುಟ್ಟುವ ಮೊದಲು ಅವರಿಗೊಂದು ಗಂಡು ಮಗು ಆಗಿತ್ತು. ಎಂಟು ತಿಂಗಳಿಗೆ ಹೋಯಿತು. ಕಣ್ಣೆದುರು ಗುರುತು ಉಳಿದರೆ ಇವಳು ಏಳುವುದಿಲ್ಲ ಎಂದು ದೊಡ್ಡಪ್ಪ ಮಾರನೆಯ ದಿನವೇ ಟೋಪಿ, ಅಂಗಿ, ಹಾಸಿ ಹೊದಿಸಿದ್ದು ಎಲ್ಲ ಗಂಟು ಕಟ್ಟಿ ಸಾಗಹಾಕಿದ್ದರು. ಆಮೇಲೆ ಆ ಮನೆಯಲ್ಲಿ ಆ ಮಾತು ಬರಲಿಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತಿದ್ದರು. ದೊಡ್ಡಮ್ಮ ಒಳಗೆ ಎದ್ದು ಹೋಗುತ್ತಿದ್ದರು.

ಆರನೆಯ ದಿನ ದೊಡ್ಡಪ್ಪ ಅಂಗಿ ತೊಟ್ಟು, ಬಾ ಎಂದರು. ಮಧ್ಯಾಹ್ನ ಬಸ್ಸುಗಳು ತಿರುಗಿಕೊಳ್ಳುವ ಕೊನೆಯ ನಿಲ್ದಾಣಕ್ಕೆ ಹೋದೆವು. ಖಾಲಿ ಬಸ್ಸಿನಲ್ಲಿ ಡ್ರೈವರ್ ಒಬ್ಬರೇ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದರು. ಮೈಮೇಲೆ ಸ್ವೆಟರ್ ಇರಲಿಲ್ಲ. ನಮ್ಮನ್ನು ನೋಡಿ ಎದ್ದು ಬಂದು ಹಿಂದಿನ ಸೀಟಿನಲ್ಲಿ ಕೂತರು. ದೊಡ್ಡಪ್ಪ ನಿಂತೇ ಇದ್ದರು.

“ಕ್ಷಮಿಸಿ ಅನ್ನೋಕೆ ಬಂದಿಲ್ಲ,” ಎಂದರು. “ಅರ್ಧ ಗಂಟೆ ಭೂತಗನ್ನಡಿ ಇಟ್ಟುಕೊಂಡು ಬಿಚ್ಚಿದ್ದು ನಾನು. ಅದನ್ನ ಅಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿಲ್ಲ. ನೋಡಿದ್ದನ್ನ ಹೇಳಿ ಹೋಗ್ತೀನಿ. ನಿಮ್ಮ ಮಗಳು ಎಡಗೈಯವಳು, ಅಲ್ವಾ?”

ಡ್ರೈವರ್ ಅವರನ್ನೇ ನೋಡಿದರು. ಹೌದು ಎಂದು ತಲೆಯಾಡಿಸಿದರು.

ಹೊಲಿಗೆ ವಾಲಿದ್ದು ಆ ಕಡೆಗೆ ಎಂದರು ದೊಡ್ಡಪ್ಪ. ಒಟ್ಟು ಹನ್ನೊಂದು. ಶುರುವಿನಲ್ಲಿ ಗಂಟು ಒಂದಲ್ಲ, ಮೂರು, ಬಿಚ್ಚಿಹೋದೀತೆಂಬ ಹೆದರಿಕೆ. ಮೊದಲ ನಾಲ್ಕು ಹೊಲಿಗೆ ಉದ್ದುದ್ದ, ಅವಸರದವು. ಐದನೆಯದರಿಂದ ಪುಟ್ಟ ಪುಟ್ಟವು, ಯಾರೋ ನಿಧಾನ ಎಂದು ಗದರಿರಬೇಕು. ಅವಳಮ್ಮ ಗದರಿದ್ದಳು ಎಂದರು ಡ್ರೈವರ್. ಏಳನೆಯದರ ಹತ್ತಿರ ಬೂದು ಉಲ್ಲನ್ನಿನಲ್ಲಿ ಕಂದು ಚುಕ್ಕೆ ಇತ್ತು, ಸೂಜಿ ಚುಚ್ಚಿಕೊಂಡಿದ್ದಾಳೆ, ಆದರೂ ಬಿಟ್ಟಿಲ್ಲ. ಕೊನೆಗೆ ದಾರವನ್ನು ಕತ್ತರಿಯಿಂದ ಕತ್ತರಿಸಿಲ್ಲ, ಹಲ್ಲಿನಿಂದ ಕಚ್ಚಿದ್ದಾಳೆ, ತುದಿ ಚಪ್ಪಟೆಯಾಗಿತ್ತು.

ಡ್ರೈವರ್ ಕರ್ಚೀಫಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. ಚುಚ್ಚಿಕೊಂಡದ್ದು ನನಗೆ ಹೇಳಲೇ ಇಲ್ಲ ನೋಡಿ ಅವಳು ಎಂದರು. ಕರ್ಚೀಫು ಮಡಿಸಿಟ್ಟು, “ಇನ್ನೊಂದು ಸಲ ಹೇಳಿ,” ಎಂದರು. ದೊಡ್ಡಪ್ಪ ಮೊದಲ ಗಂಟಿನಿಂದ ಮತ್ತೆ ಹೇಳಿದರು. ನನಗೆ ಅಳು ತಡೆಯಲಾಗಲಿಲ್ಲ, ಕಿಟಕಿಯ ಕಡೆ ತಿರುಗಿ ಕೂತೆ. ದೊಡ್ಡಪ್ಪನ ಬದುಕಿಗೆ ಅರ್ಥ ಎಂಬುದೊಂದು ಇದ್ದರೆ ಅದು ಆ ಬಸ್ಸಿನಲ್ಲಿ ಸಿಗುತ್ತಿದೆ ಎನ್ನಿಸಿತು.

ಕಂಡಕ್ಟರ್ ಹತ್ತಿದ, ಒಬ್ಬೊಬ್ಬರೇ ಪ್ರಯಾಣಿಕರು ಬರತೊಡಗಿದರು. ಡ್ರೈವರ್ ತಮ್ಮ ಪಕ್ಕದಲ್ಲಿ ಜಾಗ ಮಾಡಿ ದೊಡ್ಡಪ್ಪನನ್ನು ಕೂರಿಸಿಕೊಂಡರು. ನಿಮಗೆ ಮಕ್ಕಳೆಷ್ಟು ಎಂದು ಕೇಳಿದರು.

“ಒಬ್ಬ,” ಎಂದರು ದೊಡ್ಡಪ್ಪ. “ಎಂಟು ತಿಂಗಳು ಇದ್ದ.”

“ಹೇಗಿದ್ದ? ನೀವೂ ಹೇಳಿ.”

ದೊಡ್ಡಪ್ಪ ಬಾಯಿ ತೆರೆದರು. ಏನೋ ನೆನಪಿಸಿಕೊಳ್ಳುತ್ತ ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತರು. ಒಂದು ನಗು, ಒಂದು ಮಚ್ಚೆ, ತೊಟ್ಟಿದ್ದ ಅಂಗಿಯ ಬಣ್ಣ, ಏನಾದರೂ ಒಂದು ಇವರಿಗೆ ಸಿಗಲಿ ಎಂದು ನಾನು ಕಾದೆ. ಕಂಡಕ್ಟರ್ ಹೊತ್ತಾಯಿತು ಎಂದು ಸನ್ನೆ ಮಾಡಿದ. ಡ್ರೈವರ್ ಏಳಲಿಲ್ಲ.

“ಅವನಮ್ಮನಿಗೆ ಎಲ್ಲಾ ಗೊತ್ತಿತ್ತು,” ಎಂದರು ದೊಡ್ಡಪ್ಪ ಕೊನೆಗೆ. “ಮೂವತ್ತೆಂಟು ವರ್ಷ ಪಕ್ಕದಲ್ಲೇ ಇದ್ಲು. ಒಂದಿನಾನೂ ನಾನು ಕೇಳ್ಲಿಲ್ಲ.”